ನಿಕ್ಕಲ್ ಕೂಗಿದ ಧೂಳಪ್ಪ

ಮೋರಟಗಿಯ ಧೂಳಪ್ಪನಿಗೆ ಗಂಟಲು ಕೊಡುವ ದಿನ ದೇವರ ಕೈಯಲ್ಲಿ ಅಳತೆಯ ಸೇರು ಇದ್ದಿರಲಿಕ್ಕಿಲ್ಲ, ಹೆಡಿಗೆಯಿಂದಲೇ ಸುರಿದುಬಿಟ್ಟ. ಹುಟ್ಟಿದೊಡನೆ ಅವನು ಹಾಕಿದ ಮೊದಲ ಅಳುವಿಗೆ ಸೂಲಗಿತ್ತಿ ಶಂಕ್ರೆವ್ವನ ಎಡಗಿವಿ ಮುಚ್ಚಿಕೊಂಡಿತು, ಆಕೆ ಸಾಯುವ ತನಕ ತೆರೆಯಲಿಲ್ಲ. ಸಾಲಿಗೆ ಕಳಿಸಿದರೆ ಅವನು ಮಗ್ಗಿ ಹೇಳುತ್ತಿದ್ದಂತೆ ಪಕ್ಕದೂರಿನ ಸಾಲಿಯ ಹುಡುಗರು ಕೂಡಿಯೇ ಒಪ್ಪಿಸುತ್ತಿದ್ದರು. ಹೀಗೆ ಕೆಲವು ದಿನ ಒಬ್ಬ ಮಾಸ್ತರನಿಂದ ಎರಡೂರಿನ ಸಾಲಿ ನಡೆದವು. ಕೊನೆಗೆ ಮಾಸ್ತರನೇ ಅವನಪ್ಪನ ಕೈಹಿಡಿದು, ಇವನನ್ನು ಬಯಲಿಗೆ ಬಿಡ್ರಿ, ಚಾವಣಿ ಹಳೆಯದೈತಿ ಅಂದ.

ಬಯಲು ಅವನಿಗೆ ಒಪ್ಪಿತು. ಕುರುಬರ ಮನೆಯ ಹುಡುಗ, ಅಣ್ಣ ಬೀರಣ್ಣನ ಜೊತೆ ಕುರಿ ಹೊಡೆದುಕೊಂಡು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕೂ ತಾಲೂಕು ಸುತ್ತುತ್ತಿದ್ದ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವುದು, ಮುಂದಿನ ಹೊಲಕ್ಕೆ ನಡೆಯುವುದು. ಧೂಳಪ್ಪ ಇದ್ದಮೇಲೆ ನಾಯಿ ಬೇಕಿರಲಿಲ್ಲ. ಇಂಡಿಯ ಬಯಲಿನಲ್ಲಿ ನಿಂತು "ಹೋ...ಯ್" ಎಂದನೆಂದರೆ ಹೊರ್ತಿಯಲ್ಲಿ ಬೇರೆ ಯಾರದೋ ಕುರಿಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಒಮ್ಮೆ ಸಿಂದಗಿಯ ಬಸ್ಸು ಅವನ ಕೂಗಿಗೆ ನಿಂತಿತ್ತು. ಹತ್ತುವವರು ಯಾರೂ ಇಲ್ಲದ್ದು ಕಂಡು ಕಂಡಕ್ಟರ್ ಕೆಳಗಿಳಿದು ಗಾಲಿಯ ಅಡಿಯೆಲ್ಲ ಹುಡುಕಿದನಂತೆ. ಕೂಗಿದವನು ಮುಂದಿನ ಸ್ಟಾಪಿನಲ್ಲಿದ್ದ.

ಇಂಥವನಿಗೆ ಹೆಣ್ಣು ಕೊಟ್ಟವನು ಅವನ ಸೋದರಮಾವ ಗುರಲಿಂಗಪ್ಪ. ಮುದ್ದೇಬಿಹಾಳದ ಕಡೆ, ಕಪ್ಪು ಎರೆ ಮುಗಿದು ಕಲ್ಲುನೆಲ ಶುರುವಾಗುವ ಕಡೆಯಲ್ಲಿ ಅವನದೊಂದು ಸಣ್ಣ ವಸ್ತಿ, ಹೊಲದ ನಡುವೆಯೇ ಕಟ್ಟಿಕೊಂಡ ನಾಲ್ಕಾರು ಮನೆ. ಮಗಳು ರಾಮವ್ವ. ಆಕೆಯದು ಒಲೆಯ ಮುಂದೆ ಆಡಿದ ಮಾತು ಒಲೆಯ ಹಿಂದೆ ಮಲಗಿದ ಬೆಕ್ಕಿಗೆ ಮುಟ್ಟದಷ್ಟು ಸಣ್ಣ ದನಿ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಂಸಾರಕ್ಕೆ ಬೇಕಾದಷ್ಟು ದನಿ ಬರುತ್ತದೆ ಎಂದು ಹಿರಿಯರು ಲೆಕ್ಕ ಹಾಕಿದ್ದರು. ಆದರೆ ದನಿ ಕೂಡಿಸಲಿಕ್ಕೆ ಬರುವಂಥದಲ್ಲ.

ಹೊಸದರಲ್ಲಿ ಒಂದು ಹೊತ್ತು ಧೂಳಪ್ಪ ಊಟಕ್ಕೆ ಕೂತು, ಹೆಂಡತಿಗೆ ನೋವಾಗಬಾರದೆಂದು ತನ್ನ ತಿಳುವಳಿಕೆಯ ಮಟ್ಟಿಗೆ ಪಿಸುಮಾತಿನಲ್ಲಿ, "ಬದನಿಕಾಯಿಗೆ ಉಪ್ಪು ಒಂಚೂರು ಕಡಿಮಿ ಆಗೇತಿ" ಅಂದ. ಮಾತು ಮುಗಿಯುವುದರೊಳಗೆ ಪಕ್ಕದ ಮನೆಯಿಂದ ಗೋಡೆಯ ಮೇಲೆ ಒಂದು ಕೈ ಬಂತು, ಕೈಯಲ್ಲಿ ಉಪ್ಪು. ಅದರ ಹಿಂದೆ ಆಚೆಯ ಮನೆಯದೊಂದು ಕೈ. ಆ ಹೊತ್ತು ರಾಮವ್ವ ನಕ್ಕಳು.

ಆಮೇಲೆ ನಗು ಕಡಿಮೆಯಾಯಿತು. ರಾಮವ್ವ ಏನು ಉಟ್ಟಳು, ಏನು ಬಚ್ಚಿಟ್ಟಳು, ಯಾರ ಮೇಲೆ ಮುನಿಸಿಕೊಂಡಳು, ಎಲ್ಲ ಮೋರಟಗಿಗೆ ಗೊತ್ತು. ಬಾವಿಗೆ ಹೋದರೆ ಹೆಂಗಸರು ಅವನು ಹಾಸಿಗೆಯಲ್ಲಿ ಆಕೆಯನ್ನು ಕೇಳಿದ ಮಾತಿಗೆ ಅಲ್ಲಿ ಉತ್ತರ ಹೇಳುತ್ತಿದ್ದರು.

ಕಡೆಗೆ ಆದದ್ದು ಇದು. ಒಂದು ನಸುಕಿನಲ್ಲಿ ರಾಮವ್ವ ಗಂಡನ ಕಿವಿಯ ಹತ್ತಿರ ಬಂದು, ತಾನು ಮುಟ್ಟಾಗದೆ ಹೋದದ್ದನ್ನು ಹೇಳಿದಳು. ಇನ್ನೂ ಖಾತ್ರಿಯಿಲ್ಲ, ಯಾರಿಗೂ ಹೇಳಬಾರದು ಎಂದಳು. ಧೂಳಪ್ಪ ಯಾರಿಗೂ ಹೇಳಲಿಲ್ಲ. "ಹೌದಾ? ಬಸರಾದಿ?" ಎಂದು ಆಕೆಯನ್ನೇ ಕೇಳಿದ, ಅಷ್ಟೇ. ಹೊತ್ತು ಏರುವ ಮುಂಚೆ ಓಣಿಯ ಹೆಂಗಸರು ಹುಣಸೆಕಾಯಿ, ಹುರಿದ ಮಣ್ಣಿನ ಹೆಂಟೆ ತಂದರು. ಯಾರೋ ಸೀಮಂತಕ್ಕೆ ತೊಡಿಸುವ ಕುಬಸದ ಬಣ್ಣ ಹೇಳಿದರು. ಇನ್ಯಾರೋ ಹೆಸರು ಇಟ್ಟೇಬಿಟ್ಟರು. ಹದಿನೈದು ದಿನಕ್ಕೆ ಅದು ಸುಳ್ಳಾಯಿತು. ಬಂದು ಹೋದ ಹೆಂಗಸರೆಲ್ಲ ಮತ್ತೆ ಬಂದು ಆಕೆಯನ್ನು ಸಮಾಧಾನ ಮಾಡಿದರು. ಅದನ್ನು ತಡೆದುಕೊಳ್ಳುವುದು ಮೊದಲಿನದಕ್ಕಿಂತ ಕಷ್ಟವಾಯಿತು.

ರಾಮವ್ವ ಗಂಟು ಕಟ್ಟಿದಳು. ಬಾಗಿಲಲ್ಲಿ ನಿಂತು ಹೇಳಿದಳು: "ನನಗೊಬ್ಬಾಕಿಗೇ ಕೇಳೂವಂಗ ಒಂದ ಮಾತ ಆಡ್ರಿ. ಆ ದಿನ ಬರ್ತೇನಿ."

"ಆಡತೇನಿ ತಗೋ!" ಎಂದ ಧೂಳಪ್ಪ. ಓಣಿಯವರೆಲ್ಲ ತಿರುಗಿ ನೋಡಿದರು.

ಅವನು ಪ್ರಯತ್ನ ಮಾಡಲಿಲ್ಲ ಎನ್ನುವಂತಿಲ್ಲ. ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿ ನೋಡಿದ. ಎದುರಿದ್ದವರು ತೊಯ್ದರು, ಮಾತು ಮಾತ್ರ ಊರಾಚೆಗೆ ಹೋಯಿತು. ಕಂಬಳಿ ಮುಚ್ಚಿಕೊಂಡು ಆಡಿದ. ಕಂಬಳಿ ಗಾಳಿಪಟದ ಹಾಗೆ ಎದ್ದಿತು. ಜೋಳ ತುಂಬಿಡುವ ನೆಲದೊಳಗಿನ ಹಗೇವಿನಲ್ಲಿ ತಲೆಯಿಟ್ಟು ಪಿಸುಗುಟ್ಟಿದಾಗ ನಾಲ್ಕು ಮನೆ ಆಚೆಯ ಹಗೇವಿನ ಬಾಯಿಯಿಂದ ಜೋಳ ಪುಟಿಯಿತು, ಆ ಮನೆಯವರು ಭೂಮಿ ನಡುಗಿತೆಂದು ಹೊರಗೆ ಓಡಿದರು. ಮಾವನ ವಸ್ತಿಗೆ ಎರಡು ಸಲ ಹೋಗಿಬಂದ. ಎರಡು ಸಲವೂ ಅವನು ಬೇಲಿ ದಾಟುವುದರೊಳಗೆ ಒಳಗಿದ್ದವರಿಗೆ ಅವನ ಮಾತು ಪೂರ್ತಿ ಮುಟ್ಟಿ, ಉತ್ತರವೂ ಸಿದ್ಧವಾಗಿತ್ತು. ಉತ್ತರ, ಬ್ಯಾಡ.

ಹೀಗೇ ವರ್ಷ ಕಳೆಯಿತು. ಎಪ್ಪತ್ತೆರಡರ ಬರ ದಾಟಿ ಹೊಲಗಳು ಮತ್ತೆ ಜೋಳ ಕಂಡ ಕಾಲ. ಬಸವನ ಬಾಗೇವಾಡಿಯ ಸಂತೆಯ ಬಯಲಿನಲ್ಲಿ ನಿಂತು ಧೂಳಪ್ಪ ಅಣ್ಣನನ್ನು ಕೂಗುತ್ತಿದ್ದಾಗ ಒಂದು ಜೀಪು ಬಂದು ಪಕ್ಕದಲ್ಲಿ ನಿಂತಿತು. ಮೈಸೂರು ಕಡೆಯ ತೆಳ್ಳನೆಯ ಸಾಹೇಬನೊಬ್ಬ ಕಿವಿಯೊಳಗಿನ ಬೆರಳು ತೆಗೆದು ಕೇಳಿದ:

"ಯಾರನ್ನಯ್ಯಾ ಕರೀತಿರೋದು?"

"ನಮ್ಮಣ್ಣನ್ನರಿ."

"ಎಲ್ಲಿದಾನೆ?"

"ಮನಗೂಳಿ ದಾಟ್ಯಾನ್ರಿ."

"ಮನಗೂಳೀನಾ! ಅಲ್ಲಿಗೆ ಕೇಳಿಸುತ್ತಾ?"

"ಹೊಳ್ಳಿ ಬರಾಕತ್ತಾನ್ರಿ," ಎಂದ ಧೂಳಪ್ಪ.

ಸಾಹೇಬ ಅವನನ್ನು ಅಲ್ಲೇ ಕೆಲಸಕ್ಕೆ ಕರೆದ. ನೆಲದಡಿಯ ಲೋಹ ಹುಡುಕುವ ಸರ್ಕಾರಿ ಪಾರ್ಟಿ ಅವನದು. ನೆಲವನ್ನು ಅಗೆಯದೆ, ಮೇಲಿನಿಂದಲೇ ತಂತಿ ಮತ್ತು ಕರೆಂಟಿನಿಂದ ಒಳಗೇನಿದೆ ಎಂದು ನೋಡುವುದು ಮೊದಲ ಕೆಲಸ. ಗುರುತು ಸಿಕ್ಕಿದರೆ ಆಮೇಲೆ ಯಂತ್ರ ತಂದು ತೂತು ಕೊರೆಯುವುದು. ತಂತಿ ಎಳೆಯುತ್ತ ತಿರುಗುವುದರಿಂದ ಜನ ಅವನನ್ನು ವಾಯರ್ ಸಾಹೇಬ ಅನ್ನುತ್ತಿದ್ದರು. ಅವನ ಪಾರ್ಟಿ ಎರಡು ತುಕಡಿಯಾಗಿ ಎರಡು ಕಡೆ ನಿಲ್ಲಬೇಕು, ನಡುವೆ ದೊಡ್ಡ ಬಯಲು. ಮಾತಾಡಲಿಕ್ಕೆ ಕೊಟ್ಟಿದ್ದ ಡಬ್ಬಿಗಳು ಬಿಜಾಪುರದ ಬಿಸಿಲಿಗೆ ಬಂದ ವಾರದಲ್ಲೇ ಬಾಯಿ ಮುಚ್ಚಿಕೊಂಡಿದ್ದವು. ಈ ಮನುಷ್ಯನಿಗೆ ಬ್ಯಾಟರಿ ಬೇಕಿಲ್ಲ ಎಂಬುದು ಸಾಹೇಬನಿಗೆ ಹೊಳೆಯಿತು.

"ಕುರಿ ಬಿಟ್ಟ ಬರಾಂಗಿಲ್ರಿ," ಎಂದ ಧೂಳಪ್ಪ. ನಂತರ ಸುಮ್ಮನೆ ಕೇಳಿದ, ಕ್ಯಾಂಪು ಎಲ್ಲಿ ಎಂದು. ಸಾಹೇಬ ಹೇಳಿದ ದಿಕ್ಕು, ಹಳ್ಳ, ಗುಡ್ಡ ಎಲ್ಲ ಕೇಳಿಸಿಕೊಂಡರೆ ಅದು ಗುರಲಿಂಗಪ್ಪನ ವಸ್ತಿಯ ಬಗಲಿಗೇ ಬಂತು. ಧೂಳಪ್ಪ ಕುರಿಯನ್ನೆಲ್ಲ ಬೀರಣ್ಣನಿಗೆ ಒಪ್ಪಿಸಿ ಜೀಪು ಹತ್ತಿದ.

ಕೆಲಸ ಸರಳ. ಒಂದು ತುಕಡಿಯವರು ತಂತಿ ಸುತ್ತಿದ ದೊಡ್ಡ ಚೌಕಟ್ಟನ್ನು ನಿಲ್ಲಿಸಿ ಅದರಲ್ಲಿ ಕರೆಂಟು ಬಿಡುತ್ತಾರೆ. ದೂರದಲ್ಲಿ ಸಾಹೇಬ ಸಣ್ಣದೊಂದು ಸುರುಳಿ ಹಿಡಿದು, ಕಿವಿಗೆ ಯಂತ್ರ ಕಟ್ಟಿಕೊಂಡು, ಬಯಲುದ್ದಕ್ಕೂ ಸಾಲಾಗಿ ಬಡಿದ ಗೂಟದಿಂದ ಗೂಟಕ್ಕೆ ನಡೆಯುತ್ತಾನೆ. ಕಿವಿಯಲ್ಲಿ ಸಣ್ಣ ಗುಂಯ್ ಎಂಬ ಸದ್ದು. ಸುರುಳಿಯನ್ನು ಆಚೆ ಈಚೆ ವಾಲಿಸಿ, ಆ ಸದ್ದು ಯಾವ ಓರೆಯಲ್ಲಿ ಅತಿ ಸಣ್ಣದಾಗುತ್ತದೆ ಎಂದು ನೋಡಿ, ಆ ಓರೆಯನ್ನು ಬರೆದುಕೊಳ್ಳುವುದು. ಒಳಗೆ ಕರೆಂಟು ಹರಿಯುವಂಥ ಕಲ್ಲಿದ್ದರೆ ಓರೆ ಬದಲಾಗುತ್ತದೆ. ಸಾಹೇಬ ಒಂದು ಗೂಟ ಮುಂದೆ ಹೋದಾಗಲೆಲ್ಲ ಆ ಕಡೆಯವರು ಚೌಕಟ್ಟನ್ನು ಅವನತ್ತ ತಿರುಗಿಸಬೇಕು. ಅದನ್ನು ಕೂಗಿ ಹೇಳುವವನು ಧೂಳಪ್ಪ.

"ಮುಂದಿನ ಗೂಟ! ತಿರುಗಸ್ರೀ...!"

ಆ ಕಡೆಯವರು ಮೊದಲ ದಿನ ಚೌಕಟ್ಟು ಬಿಟ್ಟು ನೆಲಕ್ಕೆ ಮಲಗಿದರು. ಎರಡನೆಯ ದಿನದಿಂದ ಕಿವಿಗೆ ಹತ್ತಿ ಇಟ್ಟುಕೊಂಡರು. ಕೂಗಿ ಮುಗಿಸಿದ ಮೇಲೆ ಧೂಳಪ್ಪ ಉಸಿರು ಬಿಗಿಹಿಡಿದು ನಿಲ್ಲಬೇಕು. ಅವನು ಮೂಗಿನಲ್ಲಿ ಉಸಿರಾಡಿದರೂ ಸಾಹೇಬನ ಕಿವಿಯ ಗುಂಯ್ ಕೆಡುತ್ತಿತ್ತೆಂದು ಪಾರ್ಟಿಯವರು ಹೇಳುತ್ತಿದ್ದರು. ಇಡೀ ದಿನ ಸದ್ದು ಸಣ್ಣದು ಮಾಡುವುದನ್ನೇ ಹುದ್ದೆಯಾಗಿ ಮಾಡುವ ಮನುಷ್ಯನನ್ನು ಧೂಳಪ್ಪ ಬಹಳ ಆಸೆಯಿಂದ ನೋಡಿದ.

"ಸಾಹೇಬ್ರ, ಈ ಯಂತ್ರ ಮನಷಾರ ಬಾಯಿಗೂ ಹತ್ತತೈತೇನ್ರಿ?"

"ಇಲ್ಲ ಮಾರಾಯ. ನೆಲಕ್ಕೆ ಮಾತ್ರ."

ಧೂಳಪ್ಪ ಕೂಗಿನ ಒಂದು ಗುಟ್ಟು ಬಲ್ಲವನಾಗಿದ್ದ. ಬಯಲಿನಲ್ಲಿ ಉದ್ದ ಮಾತು ದೂರ ಹೋಗುವುದಿಲ್ಲ, ಅರ್ಧದಲ್ಲಿ ಚದರುತ್ತದೆ. ಇದ್ದುದರಲ್ಲಿ ಗಟ್ಟಿಯಾದ ಒಂದು ಪದ ಆರಿಸಿ ಅದನ್ನೇ ಒಗೆಯಬೇಕು. ಸಾಹೇಬ ಒಂದು ಗೋಣಿಯಷ್ಟು ಹೇಳಿದರೆ ಇವನು ಒಂದು ಮುಷ್ಟಿ ಕೂಗುತ್ತಿದ್ದ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಗುರಲಿಂಗಪ್ಪನ ಹೊಲಕ್ಕೆ ಗೂಟ ಬರುವವರೆಗೆ.

ಗೂಟ ಬಂದ ದಿನದಿಂದಲೇ ವಸ್ತಿಯಲ್ಲಿ ಒಲೆಗಳು ಸರಿಯಾಗಿ ಉರಿಯಲಿಲ್ಲ. ಹೊಳೆಯ ಕಡೆ ಅಣೆಕಟ್ಟಿನ ಕೆಲಸ ನಡೆದಿತ್ತು. ಅಲ್ಲಿ ಗೂಟ ಬಡಿದ ನೆಲ ಬಿಟ್ಟು ಜನ ಏಳಬೇಕಾಗಿತ್ತು. ಇಲ್ಲಿಂದ ಹೊಳೆ ದೂರ, ನೆಲ ಎತ್ತರ. ಆದರೂ ಸರ್ಕಾರದ ನೀರು ಏರು ಹತ್ತುವುದಿಲ್ಲ ಎಂದು ಯಾರು ಖಾತ್ರಿ ಕೊಡಬೇಕು? ಗುರಲಿಂಗಪ್ಪ, ಅವನ ಹೆಂಡತಿ ತಿಪ್ಪವ್ವ ದಿನಾ ಬದುವಿನ ಮೇಲೆ ನಿಂತು ತಂತಿಯವರನ್ನು ನೋಡುತ್ತಿದ್ದರು. ಅಳಿಯನ ದನಿ ಕೇಳಿದಾಗ ಮಾತ್ರ ಒಂಚೂರು ಧೈರ್ಯ. ರಾಮವ್ವ ಹೊರಗೆ ಬರುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಆ ಕೂಗು ಬಂದರೆ ಕೈ ನಿಲ್ಲಿಸಿ ಕೇಳುತ್ತಿದ್ದಳೆಂದು ತಿಪ್ಪವ್ವ ಆಮೇಲೆ ಹೇಳಿದಳು.

ಒಂದು ಇಳಿಹೊತ್ತು. ಸಾಹೇಬ ಗುರಲಿಂಗಪ್ಪನ ಹೊಲದ ನಟ್ಟನಡುವೆ ಸುರುಳಿ ಹಿಡಿದು ನಿಂತಿದ್ದ. ಅಲ್ಲಿಯವರೆಗೆ ಪೂರ್ವಕ್ಕೆ ವಾಲುತ್ತಿದ್ದ ಸುರುಳಿ ಒಂದು ಗೂಟ ದಾಟಿದೊಡನೆ ಪಶ್ಚಿಮಕ್ಕೆ ವಾಲಿತು. ಹಿಂದಕ್ಕೆ ಬಂದ, ಪೂರ್ವ. ಮುಂದಕ್ಕೆ ಹೋದ, ಪಶ್ಚಿಮ. ಎರಡು ಗೂಟದ ನಡುವೆ, ಅಡಿಯಲ್ಲಿ, ಏನೋ ಕರೆಂಟು ಹಿಡಿದುಕೊಂಡಿದೆ. ಎಂದೂ ದನಿ ಏರಿಸದ ಸಾಹೇಬ ಕಿವಿಯ ಯಂತ್ರ ಕಿತ್ತು ಹಾರಿದ:

"ಧೂಳಪ್ಪ! ಅವರಿಗೆ ಹೇಳು, ಇಲ್ಲಿ ಅಡಿಯಲ್ಲಿ ಗಂಧಕದ ಜೊತೆ ನಿಕ್ಕಲ್ ಇರಬಹುದು, ಇನ್ನೂ ಖಚಿತ ಇಲ್ಲ, ಚೌಕಟ್ಟು ಅಲ್ಲಾಡಿಸಬೇಡಿ, ಮತ್ತೊಂದು ಸಲ ನೋಡೋಣ ಅಂತ!"

ಧೂಳಪ್ಪ ಅಷ್ಟರಲ್ಲಿ ಗಟ್ಟಿಯಾದ ಪದ ಆರಿಸಿಕೊಂಡ. ಎದೆ ತುಂಬ ಗಾಳಿ ಎಳೆದ. ಸುತ್ತಲಿನ ಜೋಳದ ಗರಿಗಳು ಅವನ ಕಡೆಗೆ ಬಾಗಿದವು.

"ನಿಕ್ಕ...ಲ್! ನಿಕ್ಕ...ಲ್! ನಿಕ್ಕ...ಲ್!"

ಬಯಲಿನಲ್ಲಿ ಒತ್ತಕ್ಷರ ಎಷ್ಟು ದೂರ ಹೋದೀತು? ಹಳ್ಳದವರೆಗೆ ಹೋಗಿ ಅಲ್ಲೇ ಬಿತ್ತು. ವಸ್ತಿಗೆ ಮುಟ್ಟಿದ್ದು "ನಿಕಲ್". ಆ ಸೀಮೆಯಲ್ಲಿ ಈ ಮಾತು ತಿಳಿಯಲಿಕ್ಕೆ ಉರ್ದು ಕಲಿಯಬೇಕಿಲ್ಲ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಅನ್ನುತ್ತಾನೆ, ಸಂತೆಯಲ್ಲಿ ಪೊಲೀಸ ಅನ್ನುತ್ತಾನೆ, ಟೆಂಟಿನ ಸಿನೆಮಾ ಮುಗಿದರೆ ಬಾಗಿಲ ಕಾಯುವವನು ಅನ್ನುತ್ತಾನೆ. ಎಲ್ಲಿ ಯಾರು ಅಂದರೂ ಅರ್ಥ ಒಂದೇ, ಎದ್ದು ಹೊರಡು.

ತಿಪ್ಪವ್ವ ಒಲೆಯ ಮೇಲಿನ ಗಡಿಗೆ ಇಳಿಸಿದಳು. ಗುರಲಿಂಗಪ್ಪ ಎತ್ತು ಬಿಚ್ಚಿ ಬಂಡಿಗೆ ಕಟ್ಟಿದ. ವಸ್ತಿ ಖಾಲಿಯಾಗಲಿಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದರೆ, ಒಲೆಯಲ್ಲಿಟ್ಟ ಕಟ್ಟಿಗೆ ಇನ್ನೂ ಅರ್ಧ ಉರಿದಿರಲಿಲ್ಲ. ಬೀಸುವ ಕಲ್ಲು, ಕೋಳಿ, ಬಾಗಿಲ ಚೌಕಟ್ಟು ಎಲ್ಲ ಬಂಡಿ ಹತ್ತಿದವು, ಒಬ್ಬನಂತೂ ತನ್ನ ಬಾವಿಯನ್ನು ಹೇಗೆ ಎತ್ತಿಡುವುದೆಂದು ಸುತ್ತು ಹಾಕುತ್ತಿದ್ದ. ಇದೆಲ್ಲದರ ನಡುವೆ ರಾಮವ್ವ ಒಂದು ಗಂಟಿನ ಮೇಲೆ ಕೂತಿದ್ದಳು. ಕರೆದುಕೊಂಡು ಹೋಗಲಿಕ್ಕೆ ಬಂದಿದ್ದಾನೆ ಎಂದುಕೊಂಡಿದ್ದ ಗಂಡ ತವರನ್ನೇ ಎಬ್ಬಿಸಲಿಕ್ಕೆ ಬಂದಂತಾಗಿತ್ತು.

ಧೂಳಪ್ಪ ಓಡಿ ಬಂದಾಗ ಬಂಡಿಗಳು ಬದು ದಾಟುತ್ತಿದ್ದವು.

"ಮಾಮಾ, ನಿಲ್ರಿ! ಎಲ್ಲಿ ಹೊಂಟೀರಿ?"

"ನೀನ ಹೇಳಪಾ ಎಲ್ಲಿ ಹೋಗೂದು," ಎಂದ ಗುರಲಿಂಗಪ್ಪ. "ನಿಕಲ್ ಅನ್ನಾಂವ ನೀನು. ಅಳಿಯನ ಬಾಯಿಲೇ ಅನ್ನಿಸ್ಯಾರ ಸರಕಾರದವ್ರು, ಜಾಣರದಾರ."

"ನಿಕಲ್ ಅಲ್ರಿ ಮಾಮಾ, ನಿಕ್ಕಲ್ರಿ, ನಿಕ್ಕಲ್!"

"ಮತ್ತ ಅಂತಾನ ನೋಡ್ರಿ!" ಎಂದಳು ತಿಪ್ಪವ್ವ. "ಮುಖದ ಮ್ಯಾಲೇ ಅಂತಾನ!"

"ಅತ್ತೀ, ಅದೊಂದು ಲೋಹರಿ. ಕಬ್ಬಿಣ ಇರತೈತಲ್ಲ, ಹಂಗ."

ಗುರಲಿಂಗಪ್ಪ ಎತ್ತು ನಿಲ್ಲಿಸಿದ. "ಎಲ್ಲೈತಿ ಅದು?"

"ನಿಮ್ಮ ಹೊಲದಾಗ."

"ಮ್ಯಾಲೆ ಐತೇನು?"

"ಇಲ್ರಿ, ಅಡೀಗೆ."

"ತಗೀಬೇಕಾದ್ರ?"

"ಹೊಲ ಅಗೀಬೇಕಾಗತೈತ್ರಿ."

"ಹೊಲ ಅಗದ್ರ ನಾವೆಲ್ಲಿ ಇರೂಣು?"

ಧೂಳಪ್ಪ ಪ್ರಾಮಾಣಿಕ ಮನುಷ್ಯ. ಯೋಚನೆ ಮಾಡಿ ಹೇಳಿದ: "ಒಂಚೂರು... ಸರೀಬೇಕಾಗತೈತ್ರಿ."

"ಅಂದ್ರ ನಿಕಲ್ ಅಂದಂಗ ಆತಿಲ್ಲೋ ಭಾಡ್ಯಾ!"

ಹಿಂದಿನಿಂದ ಸಾಹೇಬ ಏದುಸಿರು ಬಿಡುತ್ತ ಬಂದ. ಬಂಡಿಯ ಮೂಕಿಮರದ ಮೇಲೆ ಕೂತು ನಿಧಾನಕ್ಕೆ ಹೇಳಿದ. ಇನ್ನೂ ಏನೂ ಸಿಕ್ಕಿಲ್ಲ. ಸುಗ್ಗಿ ಆದ ಮೇಲೆ ಒಂದು ತೂತು ಕೊರೆದು ನೋಡುತ್ತೇವೆ, ಹೆಂಗಸರ ಬಳೆಯಷ್ಟೇ ಅಗಲ. ಹತ್ತು ಕಡೆ ಕೊರೆದರೆ ಒಂಬತ್ತು ಕಡೆ ಏನೂ ಇರುವುದಿಲ್ಲ. ತಿಪ್ಪವ್ವನ ಸಂಚಿಯೊಳಗಿನ ಚಾರಾಣೆ ಬಿಲ್ಲೆಯಲ್ಲೂ ಈ ಲೋಹ ಇದೆ ಎಂದ. ತಿಪ್ಪವ್ವ ತೆಗೆದು ಮೂಸಿ ನೋಡಿ ಮತ್ತೆ ಒಳಗಿಟ್ಟುಕೊಂಡಳು.

ಗುರಲಿಂಗಪ್ಪ ಒಪ್ಪಿದ. ಜೋಳ ಕೊಯ್ದಮೇಲೆ ಕೊರೆಯಬೇಕು, ಕೊರೆದದ್ದನ್ನು ಮುಚ್ಚಬೇಕು. "ಇನ್ನೊಂದು," ಎಂದು ಅಳಿಯನತ್ತ ಕೈ ತೋರಿಸಿದ. "ಇವ ನನ್ನ ವಸ್ತ್ಯಾಗ ಕಾಲಿಡಬಾರದು. ಮಾತಂತೂ ಆಡಲೇಬಾರದು. ಇವತ್ತ ಊರು ಎಬ್ಬಿಸ್ಯಾನ, ನಾಳೆ ಸುಡಗಾಡ ಎಬ್ಬಸ್ತಾನ."

ರಾಮವ್ವ ಗಂಟು ಎತ್ತಿಕೊಂಡು ಒಳಗೆ ಹೋದಳು. ಹಿಂದಿರುಗಿ ನೋಡಲಿಲ್ಲ. ಧೂಳಪ್ಪನಿಗೆ ಮೆಲ್ಲಗೆ ಮಾತಾಡಲಿಕ್ಕೆ ಬಾರದ್ದು ಒಂದು ಕಡೆ ಇದ್ದರೆ, ಈಗ ಮಾತಾಡಲಿಕ್ಕೆ ಹೋಗುವ ಹಾದಿಯೂ ಮುಚ್ಚಿತು.

ಸುಗ್ಗಿ ಮುಗಿದು ಕಣದಲ್ಲಿ ಹೊಟ್ಟು ಹಾರುವ ದಿನಗಳಲ್ಲಿ ಕೊರೆಯುವ ಯಂತ್ರ ಬಂತು. ಲಾರಿಯಲ್ಲಿ ಕಬ್ಬಿಣದ ಮೂರು ಕಾಲು, ಕೊಳವೆಗಳ ಕಟ್ಟು, ತುದಿಯಲ್ಲಿ ವಜ್ರದ ಹರಳು ಕೂಡಿಸಿದ ಬಳೆ, ಹಳ್ಳದಿಂದ ನೀರೆಳೆಯುವ ಪಂಪು, ಎಲ್ಲದರ ಹಿಂದೆ ಒಂದು ಡೀಸೆಲ್ ಎಂಜಿನ್ನು. ವಜ್ರ ಇದೆ ಎಂದು ಕೇಳಿ ವಸ್ತಿಯ ಹೆಂಗಸರು ನೋಡಲಿಕ್ಕೆ ಬಂದರು. ಕೆಸರು ಮೆತ್ತಿದ ಕಬ್ಬಿಣ ಕಂಡು, ಇದಕ್ಕಿಂತ ನಮ್ಮ ಗಾಜಿನ ಬಳೆ ಚಲೋ ಎಂದು ಹೋದರು. ಆಮೇಲೆ ಎಂಜಿನ್ನು ಶುರುವಾಯಿತು.

ಅದರ ಸದ್ದಿಗೆ ಆ ತಾಲೂಕಿನ ಕಾಗೆಗಳೆಲ್ಲ ಎದ್ದು ಸಿಂದಗಿಗೆ ಹೋದವು. ಹಾಲು ಮಡಕೆಯಲ್ಲೇ ಬೆಣ್ಣೆಯಾಯಿತು, ಕಡೆಯುವ ಶ್ರಮ ಉಳಿಯಿತು. ಯಂತ್ರದವರು ಬಾಯಿಯ ಕೆಲಸ ಬಿಟ್ಟು ಕೈಸನ್ನೆ ಹಿಡಿದರು. ಧೂಳಪ್ಪ ರೂಢಿಯಂತೆ "ನೀರು ಬಿಡ್ರೀ" ಎಂದು ಕೂಗಿದ. ಪಕ್ಕದಲ್ಲಿದ್ದವನು ತಿರುಗಲಿಲ್ಲ. ಮತ್ತೆ ಕೂಗಿದ. ತನ್ನ ಬಾಯಿ ತೆರೆದದ್ದು, ಗಂಟಲು ಉಬ್ಬಿದ್ದು ಗೊತ್ತಾಯಿತು. ಮಾತು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಅವನದೇ ದನಿ ಕೇಳಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡ.

ಗುರಲಿಂಗಪ್ಪ ದಿನವೂ ಯಂತ್ರದ ಹತ್ತಿರ ಕಂಬಳಿ ಹಾಸಿ ಕೂರುತ್ತಿದ್ದ. ಬಳೆಯಷ್ಟು ಎಂದ ತೂತು ಗಾಡಿಯ ಗಾಲಿಯಷ್ಟು ಆಗದಂತೆ ಕಾಯಲಿಕ್ಕೆ. ಅವನಿಗೆ ಬುತ್ತಿ ತರುವವಳು ತಿಪ್ಪವ್ವ. ಒಂದು ದಿನ ತಿಪ್ಪವ್ವನಿಗೆ ಮಂಡಿನೋವು, ರಾಮವ್ವ ಬಂದಳು.

ಅಪ್ಪನ ಮುಂದೆ ಬುತ್ತಿಯ ಗಂಟು ಇಟ್ಟಳು. ಧೂಳಪ್ಪ ಕಲ್ಲಿನಿಂದ ಎದ್ದು ನಿಂತ. ವಸ್ತಿಯಲ್ಲಿ ಕಾಲಿಡಬಾರದೆಂದು ಮಾವನ ಮಾತು, ಇದು ಹೊಲ. ಮಾತು ಆಡಬಾರದೆಂದೂ ಇತ್ತು. ಆದರೆ ಆಡಿದ್ದು ಯಾರಿಗೆ ಗೊತ್ತಾಗಬೇಕು? ಅವನು ಬಾಯಿ ತೆರೆದ. ರಾಮವ್ವ ನೋಡಿದಳು, ಗಂಡನ ಬಾಯಿ ಅಲ್ಲಾಡುತ್ತದೆ, ಮಾತಿಲ್ಲ. ಆಕೆ ಎರಡು ಹೆಜ್ಜೆ ಹತ್ತಿರ ಬಂದಳು. ಇನ್ನೂ ಕೇಳಲಿಲ್ಲ. ಸೆರಗು ಸರಿಸಿ ಅವನ ಬಾಯಿಯ ಹತ್ತಿರ ಕಿವಿ ಕೊಟ್ಟಳು. ಧೂಳಪ್ಪ ಮನಗೂಳಿ ದಾಟಿದ ಅಣ್ಣನನ್ನು ಕರೆದ ದನಿಯಲ್ಲಿ, ಒಂದಿಷ್ಟೂ ಕಡಿಮೆ ಮಾಡದೆ, ಒಂದು ವರ್ಷ ಇಟ್ಟುಕೊಂಡಿದ್ದನ್ನು ಹೇಳಿದ.

ಏನು ಹೇಳಿದ? ಕೂಗಳತೆಯಲ್ಲಿ ಯಂತ್ರದವರಿದ್ದರು, ಮೂರು ಮಾರು ದೂರದಲ್ಲಿ ಮಾವ ರೊಟ್ಟಿ ಮುರಿಯುತ್ತಿದ್ದ. ಯಾರಿಗೂ ಕೇಳಲಿಲ್ಲ. ಧೂಳಪ್ಪನ ಬಾಯಿಂದ ಬಂದ ಮಾತೊಂದು ನಾಲ್ಕು ತಾಲೂಕಿಗೂ ಗೊತ್ತಾಗದೆ ಉಳಿದದ್ದು ಅದೇ ಮೊದಲು. ರಾಮವ್ವನ ಮುಖ ಕಂಡವರು ಆಕೆ ಮೊದಲು ಸಿಟ್ಟಾದಳು, ಆಮೇಲೆ ಕಣ್ಣು ಒರೆಸಿದಳು, ಕೊನೆಗೆ ನಕ್ಕಳು ಅನ್ನುತ್ತಾರೆ. ಆಮೇಲೆ ಆಕೆ ಅವನ ಕಿವಿಗೆ ಬಾಯಿ ಹಚ್ಚಿ, ಬಹುಶಃ ಜನ್ಮದಲ್ಲಿ ಮೊದಲ ಸಲ, ಕೂಗಿ ಮಾತಾಡಿದಳು. ಅದೂ ಯಾರಿಗೂ ಕೇಳಲಿಲ್ಲ.

ಬುತ್ತಿಯ ಬಟ್ಟೆ ಎತ್ತಿಕೊಳ್ಳಲಿಕ್ಕೆ ಬಂದಾಗ ಗುರಲಿಂಗಪ್ಪ ಮಗಳ ಸೆರಗು ಜಗ್ಗಿ ಕಿವಿಯಲ್ಲಿ ಕೇಳಿದ: "ಏನಂದ?"

"ನನಗ ಅಂದ," ಎಂದಳು ರಾಮವ್ವ.

ಅಂದಿನಿಂದ ತಿಪ್ಪವ್ವನ ಮಂಡಿನೋವು ಕಡಿಮೆಯಾಗಲಿಲ್ಲ. ದಿನವೂ ಬುತ್ತಿ ತಂದವಳು ರಾಮವ್ವನೇ.

ಇತ್ತ ತೂತಿನಿಂದ ಉದ್ದುದ್ದ ಕಲ್ಲಿನ ಕಡ್ಡಿಗಳು ಬಂದವು. ಒಂದೊಂದನ್ನೂ ಸಾಹೇಬ ಮಗುವಿನ ಹಾಗೆ ತೊಳೆದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದ. ನಾಲಗೆಯಿಂದ ನೆಕ್ಕಿ, ತೊಯ್ದ ಮೈಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಅವನಿಗೆ ಊಟ ಸಾಲುತ್ತಿಲ್ಲವೆಂದು ತಿಪ್ಪವ್ವ ಎರಡು ರೊಟ್ಟಿ ಹೆಚ್ಚು ಕಳಿಸಿದಳು. ಒಂದು ಆಳದಲ್ಲಿ ಕಂಚಿನ ಬಣ್ಣದ ಗೆರೆಗಳು ಮಿಂಚಿದವು, ಎಲ್ಲರೂ ನೋಡಿದರು. ಕಡ್ಡಿಗಳು ಪೆಟ್ಟಿಗೆಯಲ್ಲಿ ಊರು ಬಿಟ್ಟು ಹೋದವು, ಉತ್ತರ ಬಂತು. ಕಬ್ಬಿಣ ಮತ್ತು ಗಂಧಕ ಬೇಕಾದಷ್ಟು. ಕರೆಂಟು ಹಿಡಿದಿದ್ದು ಅದು, ಜೊತೆಗೆ ಪೆನ್ಸಿಲ್ಲಿನ ಕಡ್ಡಿಯಂಥ ಕಪ್ಪು ಕಲ್ಲು. ನಿಕ್ಕಲ್ ಇದೆ, ಉಪ್ಪಿನಷ್ಟು. ತೆಗೆಯುವಷ್ಟಿಲ್ಲ.

ಸಾಹೇಬ ಗೂಟ ಕಿತ್ತ. ತೂತಿನ ಬಾಯಿಗೆ ಸಿಮೆಂಟು ಮೆತ್ತಿದರು. ಈ ನಡುವೆ ವಸ್ತಿಯವರಿಗೆ ತಮ್ಮ ನೆಲದಡಿಯ ಲೋಹದ ಬಗ್ಗೆ ಒಂದು ನಮೂನೆಯ ಅಭಿಮಾನ ಬಂದುಬಿಟ್ಟಿತ್ತು. ಗುರಲಿಂಗಪ್ಪ ಲಾರಿಯ ಮುಂದೆ ನಿಂತು ಕೇಳಿದ:

"ಏನ್ರಿ ಸಾಹೇಬ್ರ, ಇಷ್ಟ ದಿನ ನಮಗ ನಿಕಲ್ ಅಂದ್ರಿ. ಈಗ ನೀವ ನಿಕಲಾಕತ್ತೀರಿ?"

"ಕೆಲಸವೇ ಹಾಗೆ, ಯಜಮಾನ್ರೆ," ಎಂದ ಸಾಹೇಬ.

ಧೂಳಪ್ಪನ ಚಿಂತೆ ಬೇರೆ. ಅವನು ಲಾರಿಯ ಹಿಂದೆ ನಿಂತು ಎಂಜಿನ್ನನ್ನು ಸವರುತ್ತಿದ್ದ. "ಸಾಹೇಬ್ರ, ಇದೊಂದನ್ನ ಬಿಟ್ಟ ಹೋಗಾಕ ಆಗಾಂಗಿಲ್ಲೇನ್ರಿ?" ಎಂದು ಕೇಳಿದ. ಆಗುವುದಿಲ್ಲ ಎಂದ ಸಾಹೇಬ. ಯಾಕೆ ಬೇಕೆಂದು ಕೇಳಲಿಲ್ಲ. ಲಾರಿ ಹೋಯಿತು. ಬಯಲು ಎಷ್ಟು ನಿಶ್ಶಬ್ದವಾಯಿತೆಂದರೆ ಧೂಳಪ್ಪನಿಗೆ ಬಾಯಿ ತೆರೆಯಲಿಕ್ಕೆ ಹೆದರಿಕೆಯಾಯಿತು. ಮೂರು ದಿನ ಅವನು ಮಾತಾಡಲಿಲ್ಲ. ಮೋರಟಗಿಯಲ್ಲಿ ಅವನು ತೀರಿಕೊಂಡನೆಂದು ಸುದ್ದಿಯಾಯಿತು.

ದಾರಿ ಕಂಡವಳು ರಾಮವ್ವ. ಮುದ್ದೇಬಿಹಾಳದಲ್ಲಿ ಇಸಾಕ ಎಂಬವನ ಹಿಟ್ಟಿನ ಗಿರಣಿ ಇತ್ತು. ಡೀಸೆಲ್ ಎಂಜಿನ್ನು, ಅದರಿಂದ ಬೀಸುವ ಕಲ್ಲಿಗೆ ಉದ್ದನೆಯ ಪಟ್ಟಾ, ಕಲ್ಲು ತಿರುಗಿದರೆ ಓಣಿಯ ಹಂಚು ಕುಣಿಯುತ್ತಿತ್ತು. ಗಿರಣಿಯ ಗೋಡೆಗೆ ಅಂಟಿದ ಮನೆಯಲ್ಲಿ ಯಾವ ಬಾಡಿಗೆಯವರೂ ನಿಲ್ಲುತ್ತಿರಲಿಲ್ಲ. ರಾಮವ್ವ ಅಪ್ಪನ ಜೊತೆ ಜೋಳ ಬೀಸಿಸಲಿಕ್ಕೆ ಹೋದವಳು ಆ ಗೋಡೆಗೆ ಕೈಯಿಟ್ಟು ನೋಡಿ, "ಇಸಾಕಣ್ಣಾ, ಈ ಮನಿ ನಮಗ ಬೇಕು" ಅಂದಳು. ಇಸಾಕ ಆಕೆಗೆ ಕಿವಿ ಕೇಳುವುದಿಲ್ಲ ಎಂದುಕೊಂಡ.

ಧೂಳಪ್ಪ ತನ್ನ ಪಾಲಿನ ಕುರಿ ಬೀರಣ್ಣನಿಗೆ ಬಿಟ್ಟು ಬಂದ. ಮಾರ್ಕೆಟ್ ಯಾರ್ಡಿನಲ್ಲಿ ಲಿಲಾವು, ಅಂದರೆ ಹರಾಜು, ಕೂಗುವ ಕೆಲಸ ಸಿಕ್ಕಿತು. ಅವನು ಶೇಂಗಾದ ದರ ಕೂಗಿದರೆ ಬಾಗೇವಾಡಿಯ ವ್ಯಾಪಾರಿಗಳು ಅಲ್ಲಿಂದಲೇ ಬೆಲೆ ಏರಿಸುತ್ತಿದ್ದರು. ಮನೆಗೆ ಬಂದರೆ ಬಾಯಿ ಬಂದ್. ಇಸಾಕನ ಎಂಜಿನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗುಡುಗಲಿಕ್ಕೆ ಹತ್ತಿದರೆ ಆ ಮನೆಯಲ್ಲಿ ಸಂಸಾರ ಶುರು. ಗಂಡ ಹೆಂಡತಿ ಅಲ್ಲೇ ಜಗಳಾಡಿದರು, ಅಲ್ಲೇ ಕೂಡಿದರು. ಡೀಸೆಲ್ ತುಟ್ಟಿಯಾದ ವರ್ಷ ಇಸಾಕ ಗಿರಣಿಯನ್ನು ದಿನ ಬಿಟ್ಟು ದಿನ ನಡೆಸಿದ. ಆ ವರ್ಷ ಅವರ ನಡುವೆ ಬಹಳ ಮಾತು ಬಾಕಿ ಉಳಿಯಿತಂತೆ. ಮುಂದೆ ಹುಟ್ಟಿದ ಮಗಳು ಇಂದ್ರಾಬಾಯಿಯ ಸುದ್ದಿ, ಕೂಸಿನ ಅಳು ಕೇಳುವವರೆಗೂ ಓಣಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಎಪ್ಪತ್ತೊಂಬತ್ತರ ಒಂದು ಸಂತೆಯ ದಿನ, ಸಂಜೆ. ಗಿರಣಿಯ ಮುಂದೆ ಡಬ್ಬಿ, ಚೀಲ, ಬುಟ್ಟಿ ಹಿಡಿದವರ ಸಾಲು ಬಜಾರದ ತಿರುವಿನವರೆಗೆ ಬೆಳೆದಿತ್ತು. ಎಂಜಿನ್ನು ಭರ್ತಿ ಓಡುತ್ತಿತ್ತು. ತಟ್ಟನೆ ಪಟ್ಟಾ ಹರಿದು ಗೋಡೆಗೆ ಬಡಿಯಿತು. ಇಸಾಕ ಓಡಿಹೋಗಿ ಎಂಜಿನ್ನು ಆರಿಸಿದ. ಸದ್ದು ನಿಂತ ಆ ಗಳಿಗೆಯಲ್ಲಿ, ಗೋಡೆಯ ಆ ಕಡೆಯಿಂದ, ಇಡೀ ಮುದ್ದೇಬಿಹಾಳಕ್ಕೆ ಕೇಳುವಂತೆ, ಧೂಳಪ್ಪನ ದನಿ ಬಂತು:

"...ನಿನ್ನ ಕಿವಿ ಹಿಂದಿನ ಮಚ್ಚಿ ನೋಡಿದಾಗೆಲ್ಲ ನನಗ..."

ಮಾತು ಅಲ್ಲೇ ಕಡಿಯಿತು. ಸಂತೆ ನಿಂತಿತು. ತಕ್ಕಡಿಯಲ್ಲಿ ಮೆಣಸಿನಕಾಯಿ ತೂಗುತ್ತಿದ್ದವನ ಕೈ ಮೇಲೇ ಉಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಹೊರಡಬೇಕಾಗಿದ್ದ ಇಂಡಿಯ ಬಸ್ಸು, ಮುಂದಿನ ಮಾತಿಗೆ ಕಾದು, ಎಂಜಿನ್ನು ಆರಿಸಿತು. ಬುಟ್ಟಿ ಹಿಡಿದ ಹೆಂಗಸರೆಲ್ಲ ಆ ಬಾಗಿಲ ಕಡೆಗೆ ತಿರುಗಿದರು. ಮೋರಟಗಿಯ ಕಥೆ ಗೊತ್ತಿದ್ದವರೂ ಅವರಲ್ಲಿ ಇದ್ದರು. ಈಗ ಆಕೆ ಗಂಟು ಕಟ್ಟುತ್ತಾಳೆ ಎಂದು ಅವರು ಲೆಕ್ಕ ಹಾಕಿದರು. ಒಳಗೆ ಧೂಳಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದ.

ಬಾಗಿಲು ತೆರೆಯಿತು. ರಾಮವ್ವ ಹೊರಗೆ ಬಂದಳು. ಮುಖ ಕೆಂಪಗಿತ್ತು. ಸಾಲಿನಲ್ಲಿ ನಿಂತವರನ್ನೆಲ್ಲ ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದಳು. ಒಬ್ಬೊಬ್ಬರೇ ಡಬ್ಬಿಯೊಳಗಿನ ಜೋಳ ನೋಡಲಿಕ್ಕೆ ಶುರುಮಾಡಿದರು. ಆಮೇಲೆ ಆಕೆ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಗಿರಣಿಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಇಸಾಕಣ್ಣಾ, ಲಗೂ ಪಟ್ಟಾ ಹಾಕಪಾ. ಮಾತು ಅರ್ಧಕ್ಕ ನಿಂತೈತಿ."